ಇರುವುದು ಬೇರೆ, ಒದಗುವುದು ಬೇರೆ

ಒಂದು ಪ್ರಬಂಧದ ಬಲವೂ ಅದರ ಕೊರತೆಯೂ ಎಷ್ಟೋ ವೇಳೆ ಅದರ ತಲೆಬರಹದ ಕ್ರಿಯಾಪದದಲ್ಲಿಯೇ ಅಡಗಿರುತ್ತವೆ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರಜ್ಞ ಫ್ರಾಂಕ್ ವೆಸ್ಟ್‌ಹೈಮರ್ ಅವರು ೧೯೮೭ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಅದರ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ 'ಪ್ರಕೃತಿ ಫಾಸ್ಫೇಟುಗಳನ್ನು ಏಕೆ ಆಯ್ದುಕೊಂಡಿತು' ಎಂದಾಗುತ್ತದೆ. ಜೀವರಸಾಯನದ ವಿದ್ಯಾರ್ಥಿಗಳು ಇಂದಿಗೂ ಓದುವ ಬರಹ ಅದು. ಅಷ್ಟು ಮನ್ನಣೆಗೆ ಅದು ಅರ್ಹವೂ ಹೌದು. ಆದರೆ 'ಆಯ್ದುಕೊಂಡಿತು' ಎಂಬ ಒಂದು ಮಾತು ಓದುಗನನ್ನು ತಡೆದು ನಿಲ್ಲಿಸುತ್ತದೆ. ಆಯ್ದುಕೊಳ್ಳಬೇಕಾದರೆ ಎದುರಿಗೆ ಹರಡಿದ ಸರಕಿರಬೇಕು. ಕೈ ಚಾಚಿದರೆ ಸಿಕ್ಕುವಂತಿರಬೇಕು. ಜೀವವಿನ್ನೂ ಹುಟ್ಟದಿದ್ದ ಭೂಮಿಯಲ್ಲಿ ಫಾಸ್ಫೇಟು ಹಾಗೆ ಕೈಗೆ ಸಿಕ್ಕುವಂತಿತ್ತೆ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಈ ಲೇಖನವನ್ನೂ ಇದೇ ವಿಷಯದ ಮೇಲೆ ಬಂದ ಬೇರೆ ಕೆಲವು ಬರಹಗಳನ್ನೂ ನೋಡುವುದು ನನ್ನ ಉದ್ದೇಶ.

ವಿಜ್ಞಾನದ ಬರಹಕ್ಕೆ ಸಾಹಿತ್ಯದ ಪುಟದಲ್ಲಿ ಏನು ಕೆಲಸ ಎಂದು ಕೆಲವರಾದರೂ ಕೇಳಬಹುದು. ಪ್ರಯೋಗದ ಸರಿತಪ್ಪುಗಳನ್ನು ತೂಗುವುದು ಕನ್ನಡದ ಅಧ್ಯಾಪಕನ ಕೆಲಸವಲ್ಲ, ನಿಜ. ಆದರೆ ಜೀವದ ಹುಟ್ಟನ್ನು ಕುರಿತ ಬರಹ ಕೇವಲ ಪ್ರಯೋಗದ ವರದಿಯಾಗಿ ಉಳಿಯುವುದಿಲ್ಲ, ಅದು ಕಥನವಾಗುತ್ತದೆ. ಯಾರೂ ಕಾಣದ ಒಂದು ಘಟನೆಯನ್ನು ಕಂಡಂತೆ ಹೇಳಬೇಕಾದಾಗ ಲೇಖಕ ಯಾವ ಪದ ಬಳಸುತ್ತಾನೆ, ಯಾವುದನ್ನು ನಾಯಕನನ್ನಾಗಿ ಮಾಡುತ್ತಾನೆ, ಯಾವುದನ್ನು ಹೇಳದೆ ಬಿಡುತ್ತಾನೆ ಎಂಬುದನ್ನು ಗಮನಿಸುವ ಹಕ್ಕು ಓದುಗನಿಗೆ ಇದ್ದೇ ಇದೆ.

ಮೊದಲು ವೆಸ್ಟ್‌ಹೈಮರ್ ಅವರ ವಾದವನ್ನು ಕೇಳೋಣ. ಪ್ರಯೋಗಶಾಲೆಯಲ್ಲಿ ದುಡಿಯುವ ಸಾವಯವ ರಸಾಯನಶಾಸ್ತ್ರಜ್ಞ ತನ್ನ ಕೆಲಸಕ್ಕೆ ಫಾಸ್ಫೇಟನ್ನು ಬಳಸುವುದು ಅಪರೂಪ. ಜೀವಕೋಶವಾದರೋ ಅದಿಲ್ಲದೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ವಂಶದ ಗುಣಗಳನ್ನು ಹೊತ್ತ ಡಿಎನ್‌ಎಯ ಬೆನ್ನೆಲುಬು ಫಾಸ್ಫೇಟು. ದೇಹದ ದಿನನಿತ್ಯದ ಚೈತನ್ಯದ ನಾಣ್ಯವೆನಿಸಿದ ಎಟಿಪಿಯಲ್ಲಿಯೂ ಅದೇ. ಏಕೆ ಹೀಗೆ? ಫಾಸ್ಫಾರಿಕ್ ಆಮ್ಲಕ್ಕೆ ಮೂರು ಕೈಗಳುಂಟು. ಎರಡು ಕೈಗಳಿಂದ ಅದು ಎರಡು ಸಕ್ಕರೆಯ ಘಟಕಗಳನ್ನು ಹಿಡಿದು ಸರಪಣಿ ಹೆಣೆಯುತ್ತದೆ. ಹಾಗೆ ಹೆಣೆದ ಮೇಲೂ ಮೂರನೆಯ ಕೈಯಲ್ಲಿ ಋಣ ವಿದ್ಯುದಂಶ ಉಳಿದಿರುತ್ತದೆ. ಆ ವಿದ್ಯುದಂಶದಿಂದ ಎರಡು ಉಪಕಾರ. ಒಂದು, ಕೋಶದ ಎಣ್ಣೆಪೊರೆಯನ್ನು ದಾಟಿ ಅಣು ಹೊರಕ್ಕೆ ಸೋರಿಹೋಗುವುದಿಲ್ಲ. ಎರಡು, ಕೊಂಡಿಯನ್ನು ಮುರಿಯಲು ಬರುವ ನೀರಿನ ಕಣಗಳು ಸುಲಭವಾಗಿ ಹತ್ತಿರ ಸುಳಿಯವು. ಮುರಿಯಬೇಕೆಂದಾಗ ಮುರಿಯುವ, ಬೇಡವೆಂದಾಗ ತಾಳಿಕೊಳ್ಳುವ ಕೊಂಡಿ ಅದು. ಬೇರೆ ಉಮೇದುವಾರರನ್ನೂ ಅವರು ಪರೀಕ್ಷಿಸುತ್ತಾರೆ: ಆರ್ಸೆನಿಕ್ಕಿನ ಕೊಂಡಿ ನೀರಿನಲ್ಲಿ ಬಹು ಬೇಗ ಕಳಚುತ್ತದೆ, ಸಿಲಿಕಾನಿನ ಆಮ್ಲ ದುರ್ಬಲ, ಸಿಟ್ರಿಕ್ ಆಮ್ಲದಲ್ಲಿ ವಿದ್ಯುದಂಶವೇನೋ ಉಂಟು, ಆದರೆ ಅದು ಕಾವಲು ಕಾಯಬೇಕಾದ ಕೊಂಡಿಯಿಂದ ದೂರದಲ್ಲಿದೆ. ಹೀಗೆ ಒಬ್ಬೊಬ್ಬರನ್ನಾಗಿ ಹಿಂದಕ್ಕೆ ಕಳುಹಿಸಿ ಕೊನೆಗೆ ಫಾಸ್ಫೇಟಿಗೆ ಮಾಲೆ ಹಾಕುತ್ತಾರೆ.

ನಮ್ಮ ಕಾವ್ಯಮೀಮಾಂಸೆಯ ಪರಿಚಯವಿರುವವರಿಗೆ ಈ ವಿಧಾನ ಹೊಸದಲ್ಲ. ಕ್ಷೇಮೇಂದ್ರ ಹೇಳಿದ ಔಚಿತ್ಯವಿಚಾರವೇ ಇದು: ಈ ಎಡೆಯಲ್ಲಿ ಈ ಪದವೇ ಏಕೆ ಸಲ್ಲುತ್ತದೆ, ಅದರ ಬದಲು ಇನ್ನೊಂದನ್ನಿಟ್ಟರೆ ಏನು ಕೆಡುತ್ತದೆ ಎಂದು ತೋರಿಸುವುದು. ವೆಸ್ಟ್‌ಹೈಮರ್ ಒಬ್ಬ ಉತ್ತಮ ಔಚಿತ್ಯವಿಮರ್ಶಕರು. ಅವರ ಗದ್ಯದಲ್ಲಿ ಸಡಿಲವಾದ ವಾದವಿಲ್ಲ. ೧೯೧೨ರಲ್ಲಿ ಹುಟ್ಟಿದ ಅವರು ಇದನ್ನು ಬರೆದಾಗ ಎಪ್ಪತ್ತೈದರ ಸಮೀಪದಲ್ಲಿದ್ದರು. ಒಂದು ಜೀವಮಾನದ ವ್ಯಾಸಂಗ ತಿಳಿಯಾಗಿ ಇಳಿದು ಬಂದ ಬರಹವಿದು ಎನ್ನಬಹುದು. ೨೦೧೩ರಲ್ಲಿ ಲಿನ್ ಕಾಮರ್ಲಿನ್, ಏರಿಯೆ ವಾರ್ಶೆಲ್ ಮೊದಲಾದವರು ಈ ವಾದವನ್ನು ಮತ್ತೆ ಕೈಗೆತ್ತಿಕೊಂಡು ತಿದ್ದಿ ಬೆಳೆಸಿದರು. ಅವರು ಹಳೆಯ ತಲೆಬರಹವನ್ನೇ ಇಟ್ಟುಕೊಂಡು ಅದಕ್ಕೆ 'ನಿಜವಾಗಿ' ಎಂಬ ಒಂದು ಮಾತನ್ನು ಸೇರಿಸಿದರು. 'ಆಯ್ದುಕೊಂಡಿತು' ಎಂಬುದನ್ನು ಮಾತ್ರ ಮುಟ್ಟಲಿಲ್ಲ.

ತೊಡಕಿರುವುದು ಅಲ್ಲಿಯೇ. ಮುಗಿದ ಕವಿತೆಯನ್ನು ಮುಂದಿಟ್ಟುಕೊಂಡಾಗ ಪ್ರತಿಯೊಂದು ಪದವೂ ಅನಿವಾರ್ಯವೆಂದು ತೋರುತ್ತದೆ. ಆದರೆ ಆ ಪದ ಕವಿಗೆ ಹೇಗೆ ಒದಗಿತು, ಅವನ ಊರಿನ ಮಾತಿನಲ್ಲಿ ಅದು ಇತ್ತೆ, ಓದಿನಿಂದ ಬಂತೆ ಎಂಬುದು ಪ್ರತ್ಯೇಕವಾದ ಪ್ರಶ್ನೆ. ಔಚಿತ್ಯದ ಉತ್ತರ ಎಷ್ಟೇ ಚೆನ್ನಾಗಿರಲಿ, ಅದು ಒದಗಿಬಂದ ಬಗೆಗೆ ಉತ್ತರವಾಗಲಾರದು. ಫಾಸ್ಫೇಟಿನ ವಿಷಯದಲ್ಲಿ ಈ ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಕಠಿಣವಾದದ್ದು.

ಏಕೆಂದರೆ ರಂಜಕ ಭೂಮಿಯಲ್ಲಿ ಇಲ್ಲದ ವಸ್ತುವಲ್ಲ. ಭೂಮಿಯ ಚಿಪ್ಪಿನ ತೂಕದಲ್ಲಿ ಹೆಚ್ಚುಕಡಮೆ ಸಾವಿರಕ್ಕೆ ಒಂದು ಪಾಲು ಅದೇ. ಆದರೆ ಅದು ಬಹುಮಟ್ಟಿಗೆ ಸುಣ್ಣದ ಅಂಶವಾದ ಕ್ಯಾಲ್ಸಿಯಮ್ಮಿನೊಡನೆ ಸೇರಿ ಅಪಟೈಟ್ ಎಂಬ ಖನಿಜವಾಗಿ ಕುಳಿತಿದೆ. ಅಪಟೈಟ್ ನೀರಿನಲ್ಲಿ ಕರಗುವುದು ತೀರ ಅತ್ಯಲ್ಪ. ನಮ್ಮ ಮೂಳೆ ಹಲ್ಲುಗಳೂ ಇದೇ ಜಾತಿಯ ಖನಿಜದಿಂದಾದವು. ಅದು ಸುಲಭವಾಗಿ ಕರಗುವಂತಿದ್ದರೆ ನೀರು ಕುಡಿದಂತೆಲ್ಲ ನಮ್ಮ ಹಲ್ಲು ಸವೆದುಹೋಗಬೇಕಾಗಿತ್ತು. ನಮಗೆ ಅನುಕೂಲವಾದ ಈ ಗುಣವೇ ಜೀವದ ಹುಟ್ಟಿಗೆ ಅಡ್ಡಿಯಾಗಿ ನಿಂತಿತು. ಬಂಡೆಯಿಂದ ಹೇಗೋ ಬಿಡುಗಡೆಯಾಗಿ ಬಂದ ಫಾಸ್ಫೇಟನ್ನು ನೀರಿನಲ್ಲಿದ್ದ ಕ್ಯಾಲ್ಸಿಯಂ ಮತ್ತೆ ಹಿಡಿದು ತಳಕ್ಕೆ ಇಳಿಸಿಬಿಡುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲವೆಂಬ ಗಾದೆಗೆ ಇದಕ್ಕಿಂತ ಒಪ್ಪುವ ಉದಾಹರಣೆ ಸಿಕ್ಕುವುದು ಕಷ್ಟ. ಇಲ್ಲಿ ಕ್ಯಾಲ್ಸಿಯಮ್ಮೇ ಪೂಜಾರಿ.

ಹೆಸರುಗಳೂ ಇದೇ ಕಥೆಯನ್ನು ಹೇಳುತ್ತವೆ. ೧೬೬೯ರಲ್ಲಿ ಹ್ಯಾಂಬರ್ಗಿನ ಹೆನ್ನಿಗ್ ಬ್ರ್ಯಾಂಡ್ ಎಂಬಾತ ಚಿನ್ನ ಮಾಡುವ ಆಸೆಯಿಂದ ಮೂತ್ರವನ್ನು ಬತ್ತಿಸಿ ಕಾಯಿಸಿದಾಗ, ಕತ್ತಲಲ್ಲಿ ಹೊಳೆಯುವ ಒಂದು ವಸ್ತು ಸಿಕ್ಕಿತು. ಅದಕ್ಕೆ ಬಂದ ಫಾಸ್ಫರಸ್ ಎಂಬ ಗ್ರೀಕ್ ಹೆಸರಿಗೆ ಬೆಳಕನ್ನು ಹೊತ್ತು ತರುವವನು ಎಂದರ್ಥ; ಬೆಳಗಿನ ಜಾವ ಮೂಡುವ ಬೆಳ್ಳಿಯನ್ನು ಗ್ರೀಕರು ಕರೆಯುತ್ತಿದ್ದುದು ಆ ಹೆಸರಿನಿಂದಲೇ. ಅಪಟೈಟ್ ಎಂಬ ಹೆಸರೋ ಮೋಸ ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು. ಬೇರೆ ಬೇರೆ ರತ್ನಗಳೆಂದು ಅದು ಜನರನ್ನು ಏಮಾರಿಸುತ್ತಿದ್ದುದರಿಂದ ಖನಿಜಶಾಸ್ತ್ರಜ್ಞ ವೆರ್ನರ್ ಹದಿನೆಂಟನೆಯ ಶತಮಾನದಲ್ಲಿ ಹಾಗೆ ಕರೆದ. ಬೆಳಕನ್ನು ಹೊತ್ತವನು ಮೋಸಗಾರನ ಮನೆಯಲ್ಲಿ ಸೆರೆಯಾದ ಎಂದರೆ ಪುರಾಣದಂತೆ ಕೇಳಿಸುತ್ತದೆ. ಆದರೂ ಅದು ರಸಾಯನಶಾಸ್ತ್ರಕ್ಕೆ ವಿರುದ್ಧವಾದ ಮಾತಲ್ಲ.

ಈ ಭೇದವನ್ನು ನಮ್ಮ ರೈತರಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಬರೆದಿರುವುದು ಬರಿಯ ರಂಜಕವಲ್ಲ, 'ಲಭ್ಯ ರಂಜಕ'. ಸುಣ್ಣ ಹೆಚ್ಚಿರುವ ಕಪ್ಪು ನೆಲದಲ್ಲಿ ಕ್ಯಾಲ್ಸಿಯಂ, ಮಲೆನಾಡಿನ ಹುಳಿಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅದನ್ನು ಹಿಡಿದುಕೊಳ್ಳುತ್ತವೆ; ಹೊಲದಲ್ಲಿ ರಂಜಕವಿದ್ದೂ ಪೈರಿಗೆ ದಕ್ಕುವುದಿಲ್ಲ. ಆ 'ಲಭ್ಯ' ಎಂಬ ವಿಶೇಷಣದ ಬೆಲೆ ಎಷ್ಟೆಂಬುದನ್ನು ಜೀವೋತ್ಪತ್ತಿಯ ಕಥೆ ಬರೆಯುವವರೂ ತಿಳಿದರೆ ಒಳ್ಳೆಯದು.

ಈ ಕಥೆಯ ಅತ್ಯಂತ ಪ್ರಸಿದ್ಧ ಅಧ್ಯಾಯ ೧೯೫೩ರ ಸ್ಟ್ಯಾನ್ಲಿ ಮಿಲ್ಲರ್ ಅವರ ಪ್ರಯೋಗ. ಮೀಥೇನ್, ಅಮೋನಿಯ, ಜಲಜನಕ ಮತ್ತು ನೀರಾವಿ ತುಂಬಿದ ಗಾಜಿನ ಬುರುಡೆಯಲ್ಲಿ ವಿದ್ಯುತ್ತಿನ ಕಿಡಿ ಹಾಯಿಸಿ ಅವರು ಅಮೈನೋ ಆಮ್ಲಗಳನ್ನು ಪಡೆದರು. ಶಾಲೆಯ ಪುಸ್ತಕಗಳಲ್ಲಿಯೂ ಈ ಚಿತ್ರ ಬಂದಿದೆ. ಆದರೆ ಆ ಬುರುಡೆಯಲ್ಲಿ ರಂಜಕದ ಒಂದು ಕಣವೂ ಇರಲಿಲ್ಲ ಎಂಬುದನ್ನು ಚಿತ್ರದ ಕೆಳಗೆ ಯಾರೂ ಬರೆಯುವುದಿಲ್ಲ. ಅದು ಮಿಲ್ಲರ್ ಅವರ ಕೊರತೆಯಲ್ಲ. ಅವರ ಪ್ರಶ್ನೆಯೇ ಬೇರೆ. ಅಷ್ಟನ್ನೇ ಪೂರ್ಣ ಕಥೆಯೆಂಬಂತೆ ಹೇಳಿದ ಕಥೆಗಾರರ ಕೊರತೆ ಅದು.

ಮಿಲ್ಲರ್ ಅವರ ಪ್ರಯೋಗದ ಎರಡು ವರ್ಷದ ಅನಂತರ, ೧೯೫೫ರಲ್ಲಿ, ಅಡಿಸನ್ ಗುಲಿಕ್ ಎಂಬ ವಿದ್ವಾಂಸರು 'ಅಮೆರಿಕನ್ ಸೈಂಟಿಸ್ಟ್' ಪತ್ರಿಕೆಯಲ್ಲಿ ರಂಜಕವನ್ನೇ ಕುರಿತು ಒಂದು ಲೇಖನ ಬರೆದರು. ನನ್ನ ಮಟ್ಟಿಗೆ ಈ ಸಾಲಿನ ಬರಹಗಳಲ್ಲಿ ಮೊದಲ ಗೌರವ ಇದಕ್ಕೆ ಸಲ್ಲಬೇಕು. ಇದಕ್ಕೆ ವೆಸ್ಟ್‌ಹೈಮರ್ ಅವರ ಲೇಖನದ ಹೊಳಪಿಲ್ಲ. ಅಷ್ಟು ಕೀರ್ತಿಯೂ ಬರಲಿಲ್ಲ. ಆದರೆ ಗುಲಿಕ್ ಕೇಳಬೇಕಾದದ್ದನ್ನು ಕೇಳಿದರು: ಫಾಸ್ಫೇಟು ಇಷ್ಟು ಕರಗದ ವಸ್ತುವಾಗಿದ್ದರೆ ಮೊದಲ ಜೀವಕ್ಕೆ ಅದು ದಕ್ಕಿದ್ದು ಹೇಗೆ? ಅವರ ಊಹೆ ಇದು: ಅಂದಿನ ಗಾಳಿಯಲ್ಲಿ ಆಮ್ಲಜನಕವಿರಲಿಲ್ಲವಾದ್ದರಿಂದ ರಂಜಕ ಪೂರ್ತಿ ಫಾಸ್ಫೇಟಿನ ರೂಪದಲ್ಲಿರದೆ, ಆಮ್ಲಜನಕ ಕಡಮೆಯಿರುವ ಹೈಪೋಫಾಸ್ಫೈಟಿನಂಥ ರೂಪದಲ್ಲಿದ್ದಿರಬಹುದು, ಅಂಥ ಲವಣಗಳು ಕ್ಯಾಲ್ಸಿಯಂ ಜೊತೆಗಿದ್ದರೂ ನೀರಿನಲ್ಲಿ ಕರಗುತ್ತವೆ. ಅಂದಿನ ಗಾಳಿಯ ವಿಚಾರದಲ್ಲಿ ಆ ಕಾಲದ ವಿದ್ವಾಂಸರಿಗಿದ್ದ ಕಲ್ಪನೆ ಆಮೇಲೆ ಬಹಳ ಬದಲಾಯಿತು. ಆದ್ದರಿಂದ ಅವರ ಉತ್ತರ ಹಾಗೆಯೇ ನಿಲ್ಲಲಿಲ್ಲ. ಪ್ರಶ್ನೆ ಮಾತ್ರ ನಿಂತಿತು. ಉತ್ತರ ಹಳತಾದರೂ ಪ್ರಶ್ನೆ ಹಳತಾಗದ ಬರಹವನ್ನು ಒಳ್ಳೆಯ ಬರಹವೆನ್ನಬೇಕಲ್ಲವೆ?

ಗುಲಿಕ್ ಅವರ ಊಹೆಗೆ ಐವತ್ತು ವರ್ಷಗಳ ಬಳಿಕ ಇನ್ನೊಂದು ದಾರಿಯಿಂದ ಬೆಂಬಲ ಬಂದಿತು. ಕಬ್ಬಿಣದ ಉಲ್ಕೆಗಳಲ್ಲಿ ಶ್ರೈಬರ್ಸೈಟ್ ಎಂಬ ಖನಿಜವುಂಟು. ಕಬ್ಬಿಣ, ನಿಕ್ಕಲ್ ಮತ್ತು ರಂಜಕ ಕೂಡಿ ಆದದ್ದು, ಆಮ್ಲಜನಕದ ಸೋಂಕಿಲ್ಲದ್ದು. ಅರಿಜೋನ ವಿಶ್ವವಿದ್ಯಾನಿಲಯದಲ್ಲಿದ್ದ ಮ್ಯಾಥ್ಯೂ ಪಾಸೆಕ್ ಮತ್ತು ಡಾಂಟೆ ಲಾರೆಟ್ಟ ೨೦೦೫ರಲ್ಲಿ ಇದನ್ನು ನೀರಿನಲ್ಲಿಟ್ಟು ನೋಡಿದಾಗ, ಅದು ತುಕ್ಕು ಹಿಡಿಯುತ್ತ ಫಾಸ್ಫೈಟಿನಂಥ ಕರಗುವ, ಚುರುಕಾದ ರೂಪಗಳನ್ನು ಬಿಟ್ಟುಕೊಟ್ಟಿತು. ೨೦೧೩ರಲ್ಲಿ ಪಾಸೆಕ್ ಮತ್ತು ಅವರ ಸಂಗಡಿಗರು, ಆಸ್ಟ್ರೇಲಿಯದ ಪಿಲ್‌ಬಾರಾ ಪ್ರದೇಶದ ಸುಮಾರು ೩೫೦ ಕೋಟಿ ವರ್ಷ ಹಳೆಯ ಕಡಲಡಿಯ ಶಿಲೆಯಲ್ಲಿ ಫಾಸ್ಫೈಟಿನ ಕುರುಹನ್ನು ಕಂಡುದಾಗಿ ವರದಿ ಮಾಡಿದರು. ಆಕಾಶದಿಂದ ಬಿದ್ದ ಕಲ್ಲು ಕಥೆಯ ನಾಯಕನಾಯಿತು.

ಮುಂದಿನ ನಾಯಕ ಸಿಡಿಲು. ಅಮೆರಿಕದ ಇಲಿನಾಯ್ಸ್ ರಾಜ್ಯದ ಗ್ಲೆನ್ ಎಲಿನ್ ಎಂಬಲ್ಲಿ ಸಿಡಿಲು ಬಡಿದು ಮಣ್ಣು ಕರಗಿ ಗಾಜಾದ ಒಂದು ಗಟ್ಟಿಯನ್ನು ಬೆಂಜಮಿನ್ ಹೆಸ್ ಮತ್ತು ಇನ್ನಿಬ್ಬರು ಪರೀಕ್ಷಿಸಿದರು. ಅದರೊಳಗೆ ಉಲ್ಕೆಯಲ್ಲಿರುವಂಥ ಶ್ರೈಬರ್ಸೈಟೇ ಸಿಕ್ಕಿತು. ೨೦೨೧ರಲ್ಲಿ ಪ್ರಕಟವಾದ ಅವರ ಲೇಖನದ ಸುದ್ದಿ ಹಲವು ಪತ್ರಿಕೆಗಳಲ್ಲಿ ಬಂದಿತು. ಸಿಡಿಲಿನಿಂದಲೇ ಜೀವ ಹುಟ್ಟಿತೆಂಬಂತೆ ತಲೆಬರಹಗಳೂ ಬಂದವು. ಮೂಲ ಲೇಖನದ ಧ್ವನಿ ಇದಕ್ಕಿಂತ ಸಂಯಮದ್ದು. ಆದಿಭೂಮಿಯಲ್ಲಿ ಸಿಡಿಲುಗಳೆಲ್ಲ ಸೇರಿ ವರ್ಷಕ್ಕೆ ೧೦ರಿಂದ ೧,೦೦೦ ಕಿಲೋಗ್ರಾಂ ಫಾಸ್ಫೈಡನ್ನೂ, ೧೦೦ರಿಂದ ೧೦,೦೦೦ ಕಿಲೋಗ್ರಾಂ ಫಾಸ್ಫೈಟು ಮತ್ತು ಹೈಪೋಫಾಸ್ಫೈಟನ್ನೂ ಉಂಟುಮಾಡಿರಬಹುದೆಂದು ಲೇಖಕರು ಅಂದಾಜು ಮಾಡುತ್ತಾರೆ. ಕೆಳಗಿನ ಅಂಕಿಗೂ ಮೇಲಿನ ಅಂಕಿಗೂ ನೂರು ಪಟ್ಟಿನ ಅಂತರ. ಮೇಲಿನ ಅಂಕಿಯನ್ನೇ ಹಿಡಿದರೂ ೧೦,೦೦೦ ಕಿಲೋಗ್ರಾಂ ಎಂದರೆ ಒಂದು ಲಾರಿಯ ಹೊರೆ; ಇಡೀ ಭೂಮಂಡಲಕ್ಕೆ, ಇಡೀ ಒಂದು ವರ್ಷಕ್ಕೆ! ಉಲ್ಕೆಗಳ ಮಳೆ ಕಡಮೆಯಾದ ಮೇಲೂ ಸಿಡಿಲು ನಿಲ್ಲುವುದಿಲ್ಲ ಎಂಬುದು ಈ ವಾದದ ಜೀವಾಳ. ಅದು ತೂಕವುಳ್ಳ ಮಾತು. ಆದರೆ ಲೋಕಕ್ಕೆಲ್ಲ ಹಂಚಿಹೋದ ಒಂದು ಲಾರಿ ಗೊಬ್ಬರ ಯಾವ ಹೊಲಕ್ಕೆ ಸಾಕು? ಒಂದೆಡೆ ಸೇರದ ಹೊರತು ಆ ಅಂಕಿಗೆ ಅರ್ಥವಿಲ್ಲ. ಪತ್ರಿಕೆಗಳ ತಲೆಬರಹಗಳಲ್ಲಿ ಅದ್ಭುತರಸ ತುಂಬಿ ತುಳುಕಿತು. ಈ ಲೆಕ್ಕಕ್ಕೆ ಮಾತ್ರ ಜಾಗ ಸಿಕ್ಕಲಿಲ್ಲ.

ಇದಕ್ಕೆ ಒಂದು ವರ್ಷ ಮೊದಲು, ೨೦೨೦ರಲ್ಲಿ, ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಜೊನಾಥನ್ ಟೋನರ್ ಮತ್ತು ಡೇವಿಡ್ ಕ್ಯಾಟ್ಲಿಂಗ್ ಬರೆದ ಲೇಖನ ನನಗೆ ಹೆಚ್ಚು ಮೆಚ್ಚುಗೆಯಾಗುವುದು ಈ ಕಾರಣದಿಂದಲೇ. ಅವರು ಹೊಸ ರಂಜಕವನ್ನು ತರಲು ಹೊರಡುವುದಿಲ್ಲ. ಇರುವ ರಂಜಕವನ್ನು ಪೂಜಾರಿಯ ಕೈಯಿಂದ ಬಿಡಿಸುವ ಉಪಾಯವನ್ನು ಹುಡುಕುತ್ತಾರೆ. ಕೆಲವು ಸರೋವರಗಳ ನೀರು ಸೋಡಾಕ್ಷಾರದಿಂದ ತುಂಬಿರುತ್ತದೆ. ಅಲ್ಲಿ ಕಾರ್ಬೊನೇಟೇ ಮುಂದಾಗಿ ಕ್ಯಾಲ್ಸಿಯಮ್ಮನ್ನು ಹಿಡಿದು ಸುಣ್ಣದ ಕಲ್ಲಾಗಿ ತಳಕ್ಕೆ ಒಯ್ಯುತ್ತದೆ. ಹಿಡಿಯುವವನೇ ಸೆರೆಯಾದ ಮೇಲೆ ಫಾಸ್ಫೇಟು ನೀರಿನಲ್ಲಿಯೇ ಉಳಿಯುತ್ತದೆ. ಬಿಸಿಲಿಗೆ ನೀರು ಬತ್ತಿದಂತೆ ಗಟ್ಟಿಯಾಗುತ್ತ ಹೋಗುತ್ತದೆ. ಇದು ಬರಿಯ ಲೆಕ್ಕಾಚಾರವಲ್ಲ. ಇಂಥ ಸರೋವರಗಳು ಇಂದಿಗೂ ಉಂಟು. ಕ್ಯಾಲಿಫೋರ್ನಿಯದ ಮೋನೊ, ಕೀನ್ಯದ ಮಗಾಡಿ, ನಮ್ಮ ನೆರೆಯ ಮಹಾರಾಷ್ಟ್ರದ ಲೋನಾರ್ ಈ ಜಾತಿಯವು. ಲೋನಾರ್ ದಖ್ಖನಿನ ಕಪ್ಪುಶಿಲೆಯ ಮೇಲೆ ಉಲ್ಕೆ ಬಡಿದು ಆದ ಕುಳಿ. ಕೆನಡದ ಬ್ರಿಟಿಷ್ ಕೊಲಂಬಿಯದಲ್ಲಿರುವ, 'ಕೊನೆಯ ಅವಕಾಶ' ಎಂಬರ್ಥದ ಹೆಸರಿನ ಮೊಣಕಾಲುದ್ದವೂ ಇಲ್ಲದ ಒಂದು ಸರೋವರದಲ್ಲಿ ಫಾಸ್ಫೇಟಿನ ಪ್ರಮಾಣ ಸಮುದ್ರದಲ್ಲಿರುವುದಕ್ಕಿಂತ ಸಾವಿರ ಪಟ್ಟಿಗೂ ಮಿಕ್ಕಿದೆ. ಸೆಬಾಸ್ಟಿಯನ್ ಹಾಸ್ ಮತ್ತು ಕ್ಯಾಟ್ಲಿಂಗ್ ಮೊದಲಾದವರು ಅದರ ವಿಶದವಾದ ಅಧ್ಯಯನವನ್ನು ೨೦೨೪ರಲ್ಲಿ ಪ್ರಕಟಿಸಿದರು. ಶನಿಯ ಉಪಗ್ರಹ ಎನ್ಸೆಲಡಸ್‌ನ ಮಂಜಿನ ಕಣಗಳಲ್ಲಿ ಫಾಸ್ಫೇಟಿದೆಯೆಂದು ೨೦೨೩ರಲ್ಲಿ ತಿಳಿದುಬಂದಾಗಲೂ ವಿದ್ವಾಂಸರು ಕೊಟ್ಟ ವಿವರಣೆ ಇದೇ: ಅಲ್ಲಿನ ಹಿಮದಡಿಯ ಕಡಲೂ ಸೋಡಾಕ್ಷಾರದ ನೀರು. ಒಂದು ವಿವರಣೆ ತಾನು ಹುಟ್ಟಿದ ಊರಿನಿಂದಾಚೆಗೂ ಸಲ್ಲುವುದು ಅದರ ಬಲಕ್ಕೆ ಸಾಕ್ಷಿ.

ಹಾಗೆಂದು ಇದು ಕೊನೆಯ ಮಾತೆಂದು ಹೇಳುವಂತಿಲ್ಲ. ಸರೋವರವಿರಬೇಕಾದರೆ ನೆಲವಿರಬೇಕು, ಜೀವ ಹುಟ್ಟಿದ ಕಾಲದಲ್ಲಿ ಕಡಲಿನ ಮೇಲೆ ತಲೆಯೆತ್ತಿದ ನೆಲ ಎಷ್ಟಿತ್ತೆಂಬುದೇ ವಿವಾದದಲ್ಲಿದೆ. ರಂಜಕ ಮೊದಲಿಗೇ ಬೇಕಾಗಿತ್ತೆ ಎಂದು ಕೇಳುವವರೂ ಇದ್ದಾರೆ. ಜೀವ ಮೊದಲು ಗಂಧಕದ ಕೊಂಡಿಗಳನ್ನು ನೆಚ್ಚಿತ್ತು, ಫಾಸ್ಫೇಟು ಆಮೇಲೆ ಬಂದಿತು ಎಂಬುದು ಬೆಲ್ಜಿಯಂ ದೇಶದ ಕ್ರಿಸ್ಟಿಯಾನ್ ಡ ಡೂವ್ ಅವರ ಪಕ್ಷ. ೨೦೧೭ರಲ್ಲಿ ಗೋಲ್ಡ್‌ಫೋರ್ಡ್, ಸೆಗ್ರೆ ಮೊದಲಾದವರು ಇಂದಿನ ಜೀವಿಗಳ ರಾಸಾಯನಿಕ ಕ್ರಿಯೆಗಳಿಂದ ಫಾಸ್ಫೇಟನ್ನು ತೆಗೆದುಹಾಕಿ ಲೆಕ್ಕ ಮಾಡಿದಾಗ, ಉಳಿದ ಕ್ರಿಯೆಗಳೇ ಒಂದು ಜಾಲವಾಗಿ ಬೆಳೆಯಬಲ್ಲವೆಂದು ಕಂಡಿತು. ಈ ಪಕ್ಷ ಗೆದ್ದರೂ ಗುಲಿಕ್ ಅವರ ಪ್ರಶ್ನೆ ಅಳಿಯುವುದಿಲ್ಲ; ಸ್ವಲ್ಪ ಕಾಲ ಮುಂದಕ್ಕೆ ಹೋಗುತ್ತದೆ, ಅಷ್ಟೆ. ಡಿಎನ್‌ಎ ಬರುವ ಹೊತ್ತಿಗಾದರೂ ಫಾಸ್ಫೇಟು ದಕ್ಕಿರಲೇಬೇಕು.

ಇಷ್ಟು ಬರಹಗಳನ್ನು ಒಟ್ಟಿಗೆ ಓದಿದ ಮೇಲೆ ನಮ್ಮ ಭಾಷೆಯ ಬಗೆಗೂ ಒಂದು ಮಾತು ಹೇಳಬೇಕಾಗಿದೆ. 'ರಂಜಕದ ಮೂಲ' ಎಂದು ನಾವು ಸುಲಭವಾಗಿ ಬರೆದುಬಿಡುತ್ತೇವೆ. ಮೂಲವೆಂದರೆ ಬೇರು, ಹುಟ್ಟು, ಒದಗುವ ಎಡೆ, ಎಲ್ಲವೂ ಹೌದು. ಋಷಿಮೂಲ ನದೀಮೂಲಗಳನ್ನು ಹುಡುಕಬಾರದೆಂದು ಹಿರಿಯರು ಹೇಳಿದ್ದು ಬಹುಶಃ ಈ ಗೊಂದಲವನ್ನು ಕಂಡೇ ಇರಬೇಕು. ಕಾವೇರಿಯ ಮೂಲ ತಲಕಾವೇರಿ, ಸರಿ. ಆದರೆ ಕೃಷ್ಣರಾಜಸಾಗರ ತುಂಬುವುದು ಆ ಕುಂಡಿಕೆಯ ನೀರೊಂದರಿಂದಲ್ಲ. ಹಾರಂಗಿ, ಹೇಮಾವತಿ, ಲಕ್ಷ್ಮಣತೀರ್ಥಗಳೂ ಬಂದು ಸೇರಬೇಕು, ಅಣೆ ತಡೆದು ನಿಲ್ಲಿಸಬೇಕು. ಉಲ್ಕೆಯೋ ಸಿಡಿಲೋ ಸರೋವರವೋ ಎಂದು ಒಬ್ಬನೇ ನಾಯಕನನ್ನು ಕೇಳುವವರು ಕುಂಡಿಕೆಯ ಮುಂದೆ ನಿಂತು ಜಲಾಶಯದ ಲೆಕ್ಕ ಕೇಳುತ್ತಿದ್ದಾರೆ. ಈ ಮೂರರಲ್ಲಿ ಒಂದು ನಿಜವಾದರೆ ಉಳಿದೆರಡು ಸುಳ್ಳಾಗಬೇಕಾದ್ದಿಲ್ಲ. ಉಲ್ಕೆ ತಂದದ್ದನ್ನೂ ಸಿಡಿಲು ಬಿಡಿಸಿದ್ದನ್ನೂ ಬಂಡೆಯಿಂದ ತೊಳೆದು ಬಂದದ್ದನ್ನೂ ಬತ್ತುವ ಒಂದು ಸರೋವರ ಸಂಗ್ರಹಿಸಿ ಕೊಟ್ಟಿರಬಹುದು.

ಆದ್ದರಿಂದ ಕನ್ನಡದಲ್ಲಿ ಈ ವಿಷಯವನ್ನು ಬರೆಯುವವರು 'ಮೂಲ' ಎಂದು ಬರೆದ ಮೇಲೆ ಮೂರು ಪ್ರಶ್ನೆಗಳಿಗೆ ಉತ್ತರ ಹೇಳುವುದು ಒಳ್ಳೆಯದು: ಎಷ್ಟು ಬಂದಿತು, ಎಲ್ಲಿ ಸೇರಿತು, ಕ್ಯಾಲ್ಸಿಯಮ್ಮಿನಿಂದ ಹೇಗೆ ತಪ್ಪಿಸಿಕೊಂಡಿತು. ಇವಕ್ಕೆ ಉತ್ತರವಿಲ್ಲದ ಬರಹ ಎಷ್ಟು ರಂಜಕವಾಗಿದ್ದರೂ ಅದು ಅರ್ಧ ಕಥೆ. ವೆಸ್ಟ್‌ಹೈಮರ್ ಅವರ ಲೇಖನದ ಬೆಲೆ ಇದರಿಂದ ಕಡಮೆಯಾಗುವುದಿಲ್ಲ. ಫಾಸ್ಫೇಟು ಏಕೆ ಉಳಿಯಿತೆಂಬುದಕ್ಕೆ ಅದಕ್ಕಿಂತ ತಿಳಿಯಾದ ಉತ್ತರ ನಾನು ಓದಿಲ್ಲ. ಆದರೆ ಅದನ್ನು ಗುಲಿಕ್ ಅವರ ಲೇಖನದ ಅನಂತರ ಓದಬೇಕು, ಮೊದಲಲ್ಲ. ದಕ್ಕಿತೆ ಎಂದು ಕೇಳಿದ ಮೇಲೆ ತಕ್ಕುದೆ ಎಂದು ಕೇಳುವುದು ಕ್ರಮ. ಆ ಕ್ರಮದಲ್ಲಿ ಓದಿದವರಿಗೆ 'ಆಯ್ದುಕೊಂಡಿತು' ಎಂಬ ಕ್ರಿಯಾಪದ ಹೊಂದುವುದಿಲ್ಲವೆಂದು ತಾನೇ ತಿಳಿಯುತ್ತದೆ. ಅದರ ಬದಲು ಯಾವ ಮಾತನ್ನಿಡಬೇಕೆಂಬುದನ್ನು ಅವರೇ ನಿರ್ಧರಿಸಬಹುದು.